ರಾಜಕೀಯ ಕಾರಣಕ್ಕೆ ವಜಾ ಆದ ಸರ್ಕಾರಿ ನೌಕರರನ್ನ ವಾಪಸ್ ತಗೊಳ್ಳೋದು ಹೇಗೆ?

ಪೋರ್ಚುಗಲ್‌ನಲ್ಲಿ 1974ರ ಏಪ್ರಿಲ್ 25ಕ್ಕೆ ಸರ್ವಾಧಿಕಾರ ಬಿತ್ತು. ಮಾರನೇ ದಿನಾನೇ, ರಾಜಕೀಯ ಕಾರಣಕ್ಕೆ ಕೆಲ್ಸ ಕಳ್ಕೊಂಡ ನೌಕರರನ್ನ ವಾಪಸ್ ತಗೋಬೇಕು ಅಂತ ಸುಗ್ರೀವಾಜ್ಞೆ ಬಂತು. ಆದೇಶ ಹೊರಡಿಸೋದು ಅಷ್ಟು ಸುಲಭ ನೋಡಿ. ಕಷ್ಟ ಶುರುವಾಗೋದು ಆಮೇಲೆ, ಹತ್ತು ಹನ್ನೆರಡು ವರ್ಷ ಮನೇಲಿ ಕೂತಿದ್ದ ಮನುಷ್ಯ ಆ ಆರ್ಡರ್ ಕಾಪಿ ಹಿಡ್ಕೊಂಡು ಆಫೀಸಿಗೆ ಬಂದಾಗ, ಅವರ ಕುರ್ಚೀಲಿ ಬೇರೆಯವರು ಕೂತಿರ್ತಾರೆ, ಫೈಲ್ ಎಲ್ಲೋ ಕಾಣೆ, ಸರ್ವಿಸ್ ಬುಕ್‌ನಲ್ಲಿ ಇಷ್ಟುದ್ದ ಖಾಲಿ ಜಾಗ. ಬೇರೆ ಬೇರೆ ದೇಶದವರು ಇದನ್ನ ಹೇಗೆ ಸರಿ ಮಾಡಿದ್ರು (ಕೆಲವರು ಹೇಗೆ ಕೆಡಿಸ್ಕೊಂಡ್ರು) ಅಂತ ನೋಡ್ತಾ ಒಂದೊಂದೇ ಹೆಜ್ಜೆ ಹೇಳ್ತೀನಿ.

ಹೆಜ್ಜೆ 1: ತಾರೀಖು ಮತ್ತು ಕಾರಣ ಗಟ್ಟಿ ಮಾಡ್ಕೊಳ್ಳಿ

ಯಾವತ್ತಿಂದ ಯಾವತ್ತಿನವರೆಗೆ ವಜಾ ಆದವರು ಅಂತ ಕಾನೂನಲ್ಲೇ ಬರೀಬೇಕು. ಚಿಲಿ ತನ್ನ ಸೈನಿಕ ಆಡಳಿತದ ಪೂರ್ತಿ ಅವಧಿ, 1973ರ ಸೆಪ್ಟೆಂಬರ್ 11ರಿಂದ 1990ರ ಮಾರ್ಚ್ 10ರವರೆಗೆ ಅಂತ ಹಾಕ್ತು. ಉರುಗ್ವೆಯ 1985ರ ಕಾನೂನು ಇನ್ನೂ ಜಾಣತನದ್ದು, ಅಲ್ಲಿ ಪಾರ್ಲಿಮೆಂಟಿಗೆ ಬೀಗ ಬಿದ್ದಿದ್ದು 1973ರ ಜೂನ್ 27ಕ್ಕೆ, ಆದ್ರೆ ಸೈನ್ಯ ಕೈಯಾಡಿಸೋಕೆ ಶುರು ಮಾಡಿದ್ದು ಫೆಬ್ರವರೀಲೇ, ಹಾಗಾಗಿ ಲೆಕ್ಕಾನ ಫೆಬ್ರವರಿ 9ರಿಂದ್ಲೇ ಹಿಡಿದ್ರು. ಕಾರಣದ ಪಟ್ಟೀಲೂ ರಾಜಕೀಯ, ಸಿದ್ಧಾಂತ, ಯೂನಿಯನ್ ಅಂತ ಬರೆದು, ಕೊನೇಲಿ 'ಬರೀ ಮನಬಂದಂತೆ ತೆಗೆದಿದ್ದು' ಅಂತಾನೂ ಸೇರಿಸಿದ್ರು. ಆ ಕೊನೇ ಮಾತು ಎಷ್ಟು ಮುಖ್ಯ ಅನ್ನೋದು ಮುಂದಿನ ಹೆಜ್ಜೇಲಿ ಗೊತ್ತಾಗತ್ತೆ.

ಹೆಜ್ಜೆ 2: ಸಾಕ್ಷಿ

ನಿಜವಾದ ತಲೆನೋವು ಇದೇ. ವಜಾ ಆರ್ಡರ್‌ನಲ್ಲಿ 'ನಿಮ್ಮ ರಾಜಕೀಯ ನಮಗೆ ಹಿಡಿಸ್ಲಿಲ್ಲ' ಅಂತ ಯಾರಾದ್ರೂ ಬರೀತಾರಾ? ಹುದ್ದೆ ರದ್ದಾಗಿದೆ, ಕಾಂಟ್ರ್ಯಾಕ್ಟ್ ಮುಂದುವರಿಸಿಲ್ಲ, ಸ್ವಂತ ಇಚ್ಛೆಯಿಂದ ರಾಜೀನಾಮೆ ಕೊಟ್ಟಿದ್ದಾರೆ, ಹೀಗೇ ಇರತ್ತೆ. ಜೈಲಿಗೆ ಹಾಕಿ ಆಮೇಲೆ ಡ್ಯೂಟಿಗೆ ಬಂದಿಲ್ಲ ಅಂತ ಗೈರುಹಾಜರಿ ಲೆಕ್ಕದಲ್ಲಿ ತೆಗೆಯೋದೂ ಉಂಟು. ಅದಕ್ಕೇ ಆರ್ಡರ್ ಒಂದನ್ನೇ ನೋಡದೆ ಸುತ್ತಮುತ್ತಲಿಂದು ನೋಡಬೇಕು: ಅದೇ ವಾರ ಅದೇ ಆಫೀಸಿಂದ ಇನ್ನೂ ಎಷ್ಟು ಜನ ಹೋದ್ರು, ಯೂನಿಯನ್ ಮೆಂಬರ್‌ಶಿಪ್ ಇತ್ತಾ, ಬಂಧನದ ದಾಖಲೆ ಇದ್ಯಾ, ಹಳೇ ಪೇ ಸ್ಲಿಪ್ ಏನು ಹೇಳತ್ತೆ, ಜೊತೆಗಿದ್ದವರು ಅಫಿಡವಿಟ್ ಕೊಡ್ತಾರಾ.

ಹಾಗಂತ ಬಾಗಿಲು ಪೂರ್ತಿ ತೆರೆದಿಟ್ರೂ ಕಷ್ಟ. ಚಿಲೀಲಿ ಲಕ್ಷಕ್ಕೂ ಹೆಚ್ಚು ಜನರನ್ನ ರಾಜಕೀಯವಾಗಿ ವಜಾ ಆದವರು ಅಂತ ಒಪ್ಕೊಂಡ್ರು, ಆಮೇಲೆ 2012-13ರ ಹೊತ್ತಿಗೆ ನಕಲಿ ಸಂತ್ರಸ್ತರು ಅಂತ ದೊಡ್ಡ ಹಗರಣ ಎದ್ದು, ರಾಜಕಾರಣಿಗಳ ಶಿಫಾರಸು ಪತ್ರದ ಮೇಲೇ ಎಷ್ಟೋ ಜನ ಒಳಗೆ ಬಂದಿದ್ದಾರೆ ಅಂತ ಗಲಾಟೆ ಆಯ್ತು, ಅದರಿಂದ ನಿಜವಾಗ್ಲೂ ಅನುಭವಿಸಿದವರ ಮೇಲೂ ಅನುಮಾನದ ಕಣ್ಣು ಬಿತ್ತು. ನನ್ನ ಪ್ರಕಾರ ನ್ಯಾಯವಾದ ದಾರಿ ಒಂದಿದೆ. ಫೈಲ್ ತಂದು ತೋರಿಸೋ ಜವಾಬ್ದಾರಿ ಇಲಾಖೆದಾಗಬೇಕು, ಇಲಾಖೆ ಕಳೆದುಹಾಕಿದ್ರೆ ಅದರ ಲಾಭ ನೌಕರರಿಗೆ ಹೋಗಬೇಕು, ಆದ್ರೆ ಬರೀ ಶಿಫಾರಸು ಪತ್ರಕ್ಕೆ ಬೆಲೆ ಇರಬಾರದು.

ಹೆಜ್ಜೆ 3: ಯಾರು ತೀರ್ಮಾನ ಮಾಡ್ಬೇಕು

ತೆಗೆದ ಇಲಾಖೆಯೇ ಕೂತು ವಿಚಾರಣೆ ಮಾಡಬಾರದು, ಇಷ್ಟು ಸಾಮಾನ್ಯ ಜ್ಞಾನ. ಸ್ವತಂತ್ರ ಸಮಿತಿ ಬೇಕು, ಅರ್ಜಿದಾರರ ಮಾತು ಎದುರಿಗೇ ಕೇಳಬೇಕು, ತಿರಸ್ಕಾರ ಮಾಡಿದ್ರೆ ಯಾಕೆ ಅಂತ ಬರೀಬೇಕು, ಮೇಲೆ ಕೋರ್ಟಿಗೆ ಹೋಗೋ ದಾರಿ ಇರಬೇಕು. ಟರ್ಕಿ ಕಥೆ ಬೇರೆ, ಅಲ್ಲಿ ಆಡಳಿತ ಬದಲಾಗಿರ್ಲಿಲ್ಲ, 2016ರ ವಿಫಲ ದಂಗೆ ಆದ್ಮೇಲೆ ಹೆಸರಿನ ಪಟ್ಟಿ ಹೊರಡಿಸಿ ಲಕ್ಷಕ್ಕೂ ಹೆಚ್ಚು ಜನರನ್ನ ತೆಗೆದಿದ್ರು, 2017ರಲ್ಲಿ ಸಮಿತಿ ಮಾಡಿದ್ರು, ಅದು ಫೈಲ್ ಮಾತ್ರ ನೋಡ್ತಿತ್ತು, ಎದುರಿಗೆ ಕೂರಿಸಿ ಕೇಳ್ತಿರ್ಲಿಲ್ಲ. ಸುಮಾರು 1 ಲಕ್ಷ 27 ಸಾವಿರ ಅರ್ಜೀಲಿ ಒಪ್ಪಿದ್ದು ಹತ್ರ ಹತ್ರ 18 ಸಾವಿರ.

ಹೆಜ್ಜೆ 4: ಕುರ್ಚಿ

ಈಗ ಕೂತಿರೋರನ್ನ ಎಬ್ಬಿಸ್ಬೇಡಿ. ಅವರು ಪರೀಕ್ಷೆ ಬರೆದು ಬಂದಿರಬಹುದು, ಅವರದ್ದೇನು ತಪ್ಪು? ವಾಪಸ್ ಬರೋರಿಗೆ ಅದೇ ದರ್ಜೇಲಿ ಹೆಚ್ಚುವರಿ ಹುದ್ದೆ ಸೃಷ್ಟಿ ಮಾಡಿ, ಅವರು ರಿಟೈರ್ ಆದ ದಿನ ಆ ಹುದ್ದೇನೂ ಮುಗಿಯತ್ತೆ ಅಂತ ಬರೀರಿ. ಕೆಲ್ಸ ಮರೆತಿದ್ರೆ ಟ್ರೈನಿಂಗ್ ಕೊಡಿ, ಹೊಸದಾಗಿ ಪರೀಕ್ಷೆ ಮಾತ್ರ ಬರೆಸ್ಬೇಡಿ.

ಹೆಜ್ಜೆ 5: ಕಳೆದ ವರ್ಷಗಳ ಲೆಕ್ಕ

ವಾಪಸ್ ತಗೊಂಡ್ರು ಅಂತ ಎಲ್ಲರೂ ಖುಷಿ ಪಡೋವಾಗ ನಾನು ಮೊದ್ಲು ಕೇಳೋ ಪ್ರಶ್ನೆ ಇದು: ನಡುವಿನ ವರ್ಷ ಸರ್ವಿಸ್‌ಗೆ ಸೇರತ್ತಾ ಇಲ್ವಾ? ಸೇರದೇ ಇದ್ರೆ ಐವತ್ತೈದರ ಮನುಷ್ಯ ಹೊಸ ನೌಕರನ ಥರ ಜಾಯಿನ್ ಆಗಿ, ಪೆನ್ಷನ್‌ಗೆ ಸಾಕಾಗುವಷ್ಟು ವರ್ಷಾನೇ ಇಲ್ದೆ ಮನೆಗೆ ಹೋಗ್ತಾನೆ. ಸ್ಪೇನ್‌ನ 1977ರ ಅಕ್ಟೋಬರ್ 15ರ ಕಾನೂನು ಇದಕ್ಕೆ ನಡು ದಾರಿ ಹಿಡೀತು, ಕೆಲ್ಸ ಮಾಡದ ಅವಧಿಗೆ ಸಂಬಳ ಇಲ್ಲ, ಆದ್ರೆ ಸೀನಿಯಾರಿಟಿ ಮಾತ್ರ ಸೇವೆ ತುಂಡಾಗಿಯೇ ಇಲ್ಲ ಅನ್ನೋ ಹಾಗೆ. ಬಾಕಿ ಸಂಬಳ ಪೂರ್ತಿ ಕೊಡೋಕೆ ಖಜಾನೆಗೆ ಆಗಲ್ಲ ಅನ್ನೋ ಸರ್ಕಾರಕ್ಕೆ ಕಡೇಪಕ್ಷ ಇಷ್ಟಾದ್ರೂ ಸಾಧ್ಯ. ಬ್ರೆಜಿಲ್ ಬಡ್ತೀನೂ ಲೆಕ್ಕ ಹಾಕ್ತು, ಸರ್ವಿಸ್‌ನಲ್ಲೇ ಇದ್ದಿದ್ರೆ ಎಲ್ಲಿಗೆ ಏರ್ತಿದ್ರೋ ಆ ದರ್ಜೆ. ಉದ್ಯೋಗದ ಸಂಬಂಧ ತೋರಿಸೋಕೆ ಆಗದವರಿಗೆ 2002ರ ಕಾನೂನಿನಲ್ಲಿ ಒಂದು ವರ್ಷದ ಶಿಕ್ಷೆಗೆ 30 ಕನಿಷ್ಠ ವೇತನದಷ್ಟು ಇಡಿಗಂಟು, ಒಟ್ಟು 1 ಲಕ್ಷ ರಿಯಲ್ (ಬ್ರೆಜಿಲ್‌ನ ಹಣ) ಮೀರದ ಹಾಗೆ.

ಹೆಜ್ಜೆ 6: ಪಟ್ಟಿಯಿಂದ ಯಾರು ಬಿಟ್ಟುಹೋದ್ರು ಅಂತ ತಿರುಗಿ ನೋಡಿ

ಅದೇ ಸ್ಪೇನ್ ಕಾನೂನು, ಸರ್ವಾಧಿಕಾರದ ವಿರುದ್ಧ ಗುಪ್ತ ಸಂಘ ಕಟ್ಟಿದ್ದ ಮಿಲಿಟರಿ ಅಧಿಕಾರಿಗಳನ್ನ ಕೆಲ್ಸಕ್ಕೆ ಸೇರಿಸ್ಕೊಳ್ಳಲಿಲ್ಲ, ಅವರು 1986ರ ಡಿಸೆಂಬರ್‌ವರೆಗೆ ಕಾಯಬೇಕಾಯ್ತು. ಪಶ್ಚಿಮ ಜರ್ಮನಿ ಇನ್ನೂ ವಿಚಿತ್ರ, ನಾಜಿಗಳು ತೆಗೆದುಹಾಕಿದ ನೌಕರರಿಗೆ ಪರಿಹಾರ ಕೊಡೋ ಕಾನೂನೂ, ನಾಜಿ ಆಡಳಿತದಲ್ಲಿದ್ದು ಯುದ್ಧದ ನಂತರ ಕೆಲ್ಸ ಕಳ್ಕೊಂಡವರಿಗೆ ದಾರಿ ಮಾಡೋ ಕಾನೂನೂ ಎರಡಕ್ಕೂ ಒಂದೇ ತಾರೀಖು, 1951ರ ಮೇ 11.

ಇನ್ನು ಸತ್ತುಹೋದವರು. ಅರ್ಜಿ ಹಾಕೋ ಹಕ್ಕು ಗಂಡ ಹೆಂಡ್ತಿ ಮಕ್ಕಳಿಗೂ ಇರಬೇಕು, ಇಲ್ದಿದ್ರೆ ಫ್ಯಾಮಿಲಿ ಪೆನ್ಷನ್ ಹೋಯ್ತು ಅಂತಾನೇ. ಮತ್ತೆ ಆರ್ಡರ್ ಬರೆಯೋ ಗುಮಾಸ್ತರಿಗೆ ಒಂದು ಮಾತು, 'ಕ್ಷಮಿಸಿ ಮರುನೇಮಕ ಮಾಡಲಾಗಿದೆ' ಅಂತ ಬರೀಬೇಡಿ ದಯವಿಟ್ಟು, ತಪ್ಪೇ ಮಾಡದವರಿಗೆ ಕ್ಷಮೆ ಯಾಕೆ, 'ಹಿಂದಿನ ವಜಾ ಆದೇಶವನ್ನು ಅದು ಹೊರಟ ದಿನದಿಂದಲೇ ರದ್ದುಪಡಿಸಲಾಗಿದೆ' ಅಂತ ಬರೆದು ಸರ್ವಿಸ್ ಬುಕ್‌ನ ಅದೇ ಪುಟದಲ್ಲಿ ಸೀಲ್ ಹಾಕಿ.