ಎರಡು ಕಂಪ್ಯೂಟರ್‌ಗಳ ನಡುವೆ ಮಿಡಿ ಹರಿಸಿದ ನನ್ನ ಅನುಭವ

ತುಮಕೂರಿನ ನನ್ನ ಮನೆಯ ಮಹಡಿಯಲ್ಲಿ ಹವ್ಯಾಸಿ ನಾಟಕ ತಂಡಗಳಿಗಾಗಿ ರಂಗಗೀತೆಗಳ ಟ್ರ್ಯಾಕ್ ಸಿದ್ಧಪಡಿಸಿಕೊಡುತ್ತೇನೆ. ಗುಬ್ಬಿ ವೀರಣ್ಣನವರ ಕಂಪನಿಯ ಹಾಡುಗಳ ನೆನಪು ಇನ್ನೂ ಉಳಿದಿರುವ ಈ ಸೀಮೆಯಲ್ಲಿ ಹಾರ್ಮೋನಿಯಂ, ತಬಲಾ, ಪಿಟೀಲುಗಳಿಲ್ಲದ ಟ್ರ್ಯಾಕನ್ನು ಯಾರೂ ಒಪ್ಪುವುದಿಲ್ಲ. ಆದರೆ ಪಿಟೀಲಿನ ಸ್ಯಾಂಪಲ್ ಸಂಗ್ರಹವನ್ನು, ಅಂದರೆ ನಿಜವಾದ ಪಿಟೀಲಿನಿಂದ ಧ್ವನಿಮುದ್ರಿಸಿಟ್ಟ ಸ್ವರಗಳ ಕಟ್ಟನ್ನು, ತೆರೆದೊಡನೆ ನನ್ನ ಮ್ಯಾಕ್ ಲ್ಯಾಪ್‌ಟಾಪ್ ತಡವರಿಸತೊಡಗುತ್ತಿತ್ತು. ಪಕ್ಕದಲ್ಲೇ ಹೆಚ್ಚು ಮೆಮೊರಿಯಿರುವ ವಿಂಡೋಸ್ ಡೆಸ್ಕ್‌ಟಾಪ್ ಇದ್ದುದರಿಂದ, ನುಡಿಸುವುದು ಮತ್ತು ಧ್ವನಿಮುದ್ರಿಸುವುದು ಲ್ಯಾಪ್‌ಟಾಪಿನಲ್ಲಿ, ವಾದ್ಯಗಳ ನಾದ ಹೊರಡುವುದು ಡೆಸ್ಕ್‌ಟಾಪಿನಲ್ಲಿ ಎಂದು ಕೆಲಸ ಹಂಚಲು ನಿರ್ಧರಿಸಿದೆ. ಇವೆರಡರ ನಡುವಿನ ಕೊಂಡಿ ಮಿಡಿ, ಅಂದರೆ ವಾದ್ಯಗಳೂ ಕಂಪ್ಯೂಟರ್‌ಗಳೂ ಪರಸ್ಪರ ಸೂಚನೆ ಕಳುಹಿಸಲು ಬಳಸುವ ಸಾಮಾನ್ಯ ಭಾಷೆ. ಅದರಲ್ಲಿ ಹರಿಯುವುದು ನಾದವಲ್ಲ. ಕೀಲಿಮಣೆಯ ಯಾವ ಮನೆಯನ್ನು ಎಷ್ಟು ಬಲದಿಂದ ಒತ್ತಿದೆವು, ಯಾವಾಗ ಬಿಟ್ಟೆವು ಎಂಬ ಸೂಚನೆ ಮಾತ್ರ. ಆದ್ದರಿಂದ ಇಂತಹ ಹಂಚಿಕೆ ಸಾಧ್ಯ.

ಯುಎಸ್‌ಬಿ ಕೇಬಲ್ಲಿನಿಂದ ಎರಡನ್ನೂ ನೇರವಾಗಿ ಜೋಡಿಸುವಂತಿಲ್ಲ, ಏಕೆಂದರೆ ಎರಡೂ ಯಜಮಾನನ ಸ್ಥಾನದಲ್ಲಿರುವ ಯಂತ್ರಗಳು. ಹಾಗಾಗಿ ಮೊದಲು ಎರಡು ಯುಎಸ್‌ಬಿ ಮಿಡಿ ಇಂಟರ್‌ಫೇಸ್‌ಗಳನ್ನು ತಂದು, ಒಂದರ ಔಟ್ ಅನ್ನು ಇನ್ನೊಂದರ ಇನ್‌ಗೆ ಐದು ಪಿನ್ನಿನ ಕೇಬಲ್ಲಿನಿಂದ ಜೋಡಿಸಿದೆ. ಒಂದೇ ವಾದ್ಯ ನುಡಿಸುವಾಗ ಕೊರತೆಯೇನೂ ಕಾಣಲಿಲ್ಲ. ಎಲ್ಲ ವಾದ್ಯಗಳೂ ಸೇರಿದಾಗ ಮಾತ್ರ ಸಮ್‌ನಲ್ಲಿ, ಅಂದರೆ ತಾಳದ ಆವರ್ತ ಆರಂಭವಾಗುವ ಮೊದಲ ಪೆಟ್ಟಿನಲ್ಲಿ, ತಬಲಾದ ಪೆಟ್ಟು ಹಾರ್ಮೋನಿಯಂನಿಂದ ಸರಿದಂತೆ ಕೇಳಿಸಿತು. ಕಾರಣ 1983ರಲ್ಲಿ ಬಂದ ಮಿಡಿಯ ಮೂಲ ವೇಗದಲ್ಲೇ ಇದೆ. ಈ ತಂತಿಯಲ್ಲಿ ಸೆಕೆಂಡಿಗೆ 31,250 ಬಿಟ್‌ಗಳು ಮಾತ್ರ ಹರಿಯುತ್ತವೆ. ಮೂರು ಬೈಟ್‌ಗಳ ಒಂದು ಸ್ವರದ ಸೂಚನೆಗೆ ಸುಮಾರು ಒಂದು ಮಿಲಿಸೆಕೆಂಡು ಬೇಕು. ಒಂದೇ ಪೆಟ್ಟಿಗೆ ಹತ್ತು ಸ್ವರಗಳು ಬಿದ್ದರೆ ಹತ್ತನೆಯದು ಸಾಲಿನಲ್ಲಿ ನಿಂತು ಬರುತ್ತದೆ. ಪಿಟೀಲಿನ ಜಾರುಸ್ವರಕ್ಕಾಗಿ ಪಿಚ್ ಬೆಂಡ್ ಗಾಲಿ ತಿರುಗಿಸಿದರಂತೂ ಸೂಚನೆಗಳ ಪ್ರವಾಹವೇ ಅದೇ ಸಾಲಿಗೆ ಸೇರಿಕೊಳ್ಳುತ್ತದೆ.

ಆಗ ನೆಟ್‌ವರ್ಕ್ ಮಿಡಿಯತ್ತ, ಅಂದರೆ ಇದೇ ಸೂಚನೆಗಳನ್ನು ಕಂಪ್ಯೂಟರ್ ಜಾಲದ ಮೂಲಕ ಕಳುಹಿಸುವ ವಿಧಾನದತ್ತ, ತಿರುಗಿದೆ. ಮ್ಯಾಕ್‌ನ ಆಡಿಯೋ ಮಿಡಿ ಸೆಟಪ್‌ನಲ್ಲಿ ಈ ಸೌಲಭ್ಯ ಮೊದಲೇ ಇರುತ್ತದೆ. ವಿಂಡೋಸ್‌ನಲ್ಲಿ ಆರ್‌ಟಿಪಿ ಮಿಡಿ ಎಂಬ ತಂತ್ರಾಂಶವನ್ನು ಅಳವಡಿಸಿದೆ. ಮೊದಲ ದಿನ ಮನೆಯ ವೈಫೈನಲ್ಲೇ ಪರೀಕ್ಷಿಸಿದೆ. ಸ್ವರಗಳು ಬಂದವು, ಆದರೆ ಒಮ್ಮೆ ಬೇಗ, ಒಮ್ಮೆ ತಡವಾಗಿ. ತಾಳಕ್ಕೆ ಇದಕ್ಕಿಂತ ದೊಡ್ಡ ಅಪಚಾರವಿಲ್ಲ. ತಡವು ಸದಾ ಒಂದೇ ಅಳತೆಯದ್ದಾಗಿದ್ದರೆ ಟ್ರ್ಯಾಕನ್ನು ಅಷ್ಟೇ ಹಿಂದಕ್ಕೆ ಸರಿಸಿ ಸರಿಪಡಿಸಬಹುದು. ಏರುಪೇರಾಗುವ ತಡಕ್ಕೆ ಅಂತಹ ಸುಲಭ ಪರಿಹಾರವಿಲ್ಲ. ಅಂದಿನಿಂದ ಈ ಕೆಲಸಕ್ಕೆ ವೈಫೈಯನ್ನು ನಾನು ಬಳಸಿಲ್ಲ.

ಎರಡು ಯಂತ್ರಗಳನ್ನೂ ಒಂದೇ ಲ್ಯಾನ್ ಕೇಬಲ್ಲಿನಿಂದ ನೇರವಾಗಿ ಜೋಡಿಸಿ, ಒಂದಕ್ಕೆ 192.168.10.1, ಇನ್ನೊಂದಕ್ಕೆ 192.168.10.2 ಎಂಬ ಸ್ಥಿರ ವಿಳಾಸ ಕೊಟ್ಟೆ. ಆದರೂ ಸಂಪರ್ಕ ಬೆಸೆಯದೆ ಇಡೀ ಸಂಜೆ ಕಳೆಯಿತು. ರೌಟರ್ ಇಲ್ಲದ ಈ ಜೋಡಣೆಯನ್ನು ವಿಂಡೋಸ್ 'ಪಬ್ಲಿಕ್' ನೆಟ್‌ವರ್ಕ್ ಎಂದು ಪರಿಗಣಿಸಿತ್ತು, ಅದರ ಫೈರ್‌ವಾಲ್ ಎಂಬ ಕಾವಲು ವ್ಯವಸ್ಥೆ ಸೂಚನೆಗಳನ್ನು ತಡೆಯುತ್ತಿತ್ತು. ಈ ಸೂಚನೆಗಳು ಒಳಬರುವ ಬಾಗಿಲುಗಳಾದ ಯುಡಿಪಿ 5004 ಮತ್ತು 5005 ಪೋರ್ಟ್‌ಗಳಿಗೆ ಅನುಮತಿ ಕೊಟ್ಟ ಮೇಲೆ ಎರಡೂ ಒಂದನ್ನೊಂದು ಗುರುತಿಸಿದವು.

ಮತ್ತೊಂದು ತೊಡಕು ಎದುರಾಯಿತು. ಡೆಸ್ಕ್‌ಟಾಪಿನ ತಂತ್ರಾಂಶವು ತನಗೆ ಬಂದ ಸ್ವರವನ್ನು ಅದೇ ಹಾದಿಯಲ್ಲಿ ಮರಳಿ ಕಳುಹಿಸುತ್ತಿದ್ದುದರಿಂದ ಒಂದು ಸ್ವರ ಸುತ್ತುತ್ತಲೇ ಇದ್ದು, ನಾದ ನಿಲ್ಲದೆ ಮೊರೆಯಿತು. ಅಲ್ಲಿನ ಮಿಡಿ ಔಟ್‌ಪುಟ್ ಅನ್ನು ಬಂದ್ ಮಾಡಿದಾಗ ಅದು ನಿಂತಿತು. ಡೆಸ್ಕ್‌ಟಾಪಿನ ನಾದವನ್ನು ಲೈನ್ ಔಟ್‌ನಿಂದ ಲ್ಯಾಪ್‌ಟಾಪಿನ ಆಡಿಯೋ ಇಂಟರ್‌ಫೇಸ್‌ಗೆ ತಂದು, ಸೆಕೆಂಡಿಗೆ 48,000 ಬಾರಿ ನಾದವನ್ನು ಅಳೆಯುವ 48,000 ಹರ್ಟ್ಸ್‌ನಲ್ಲಿ, ನಾದವನ್ನು ಕ್ಷಣಕಾಲ ಕೂಡಿಡುವ ಬಫರನ್ನು ಅಂತಹ 128 ಅಳತೆಗಳಿಗೆ (ಸ್ಯಾಂಪಲ್‌ಗಳಿಗೆ) ಇಟ್ಟೆ. ಇದರಿಂದ ಸೇರುವ ತಡ ಮೂರು ಮಿಲಿಸೆಕೆಂಡಿಗೂ ಕಡಿಮೆ. ಬಳಿಕ ತಬಲಾದ ಒಂದೇ ಬೋಲನ್ನು (ಪೆಟ್ಟನ್ನು) ಹಲವು ಬಾರಿ ಕಳುಹಿಸಿ, ಮರಳಿ ಬಂದ ನಾದದ ಅಲೆಗಳನ್ನು ತೆರೆಯ ಮೇಲೆ ತಾಳದ ಜಾಗಗಳನ್ನು ತೋರಿಸುವ ಗೆರೆಗಳ ಗ್ರಿಡ್‌ನೊಂದಿಗೆ ಹೋಲಿಸಿದೆ. ಪ್ರತಿ ಬಾರಿಯೂ ಅಂತರ ಹೆಚ್ಚುಕಡಿಮೆ ಒಂದೇ ಆಗಿತ್ತು. ಆ ಅಂತರದಷ್ಟು ಟ್ರ್ಯಾಕನ್ನು ಹಿಂದಕ್ಕೆ ಸರಿಸಿ ಮತ್ತೆ ನುಡಿಸಿದಾಗ, ಸಮ್‌ನಲ್ಲಿ ತಬಲಾವೂ ಹಾರ್ಮೋನಿಯಂ ಕೂಡ ಒಟ್ಟಿಗೇ ಬಂದು ಕೂತವು.