ಫೀನಿಕ್ಸ್‌ಗೆ ಹೊಸಬರೇ? ಮರಕ್ಕೆ ದಿನಾ ನೀರು ಹಾಕಬೇಡಿ

ಅಮೆರಿಕದ ಈ ಮರುಭೂಮಿ ಊರಲ್ಲಿ ಮನೆ ಕೊಂಡ ಕನ್ನಡಿಗರು ಮೊದಲು ನೆಡುವುದು ಕರಿಬೇವು, ಆಮೇಲೆ ಮಾವು. ನೆಡಿ, ಬೇಡ ಅನ್ನಲ್ಲ. ಆದರೆ ನೆರಳಿಗೆ ಈ ನೆಲದ್ದೇ ಮರ ಬೇಕು. 2023ರಲ್ಲಿ ಸತತ 31 ದಿನ 43 ಡಿಗ್ರಿಗಿಂತ ಮೇಲೆ ಬಿಸಿಲಿತ್ತು. ವರ್ಷದ ಮಳೆ ಸುಮಾರು 18 ಸೆಂಟಿಮೀಟರ್, ಅಷ್ಟೇ.

ಬೇಗ ನೆರಳು ಬೇಕೆಂದರೆ ವೆಲ್ವೆಟ್ ಮೆಸ್ಕೀಟ್. ಎಲೆ ನೋಡಿ 'ಅಯ್ಯೋ, ಬಳ್ಳಾರಿ ಜಾಲಿ!' ಅಂತೀರಿ. ಅದರ ನೆಂಟನೇ. ನಮ್ಮ ಬನ್ನಿ ಮರಕ್ಕೂ ನೆಂಟ. ಊರಲ್ಲಿ ಜಾಲಿ ಕಡಿದಷ್ಟೂ ಚಿಗುರುವ ಪೀಡೆ. ಇಲ್ಲಿ ಮೆಸ್ಕೀಟ್ ಮಣ್ಣಿನ ಮಗ. ಇಲ್ಲಿನ ಮೂಲ ನಿವಾಸಿಗಳು ಇದರ ಕಾಯಿ ಒಣಗಿಸಿ ಹಿಟ್ಟು ಮಾಡುತ್ತಾರೆ. ಯುಗಾದಿ ಹೊತ್ತಿಗೆ ಹಳದಿ ಹೂ ಬೇಕಾದರೆ ಪಾಲೋ ವರ್ಡಿ. ಐರನ್‌ವುಡ್ ತುಂಬಾ ನಿಧಾನ, ಮೊಮ್ಮಕ್ಕಳಿಗೆ ನೆಡುವ ಮರ. ನರ್ಸರಿಯಲ್ಲಿ ಸುಮ್ನೆ 'ಮೆಸ್ಕೀಟ್' ಅಂದರೆ ದಕ್ಷಿಣ ಅಮೆರಿಕದ ತಳಿ ಕೊಟ್ಟುಬಿಡಬಹುದು, ಚೀಟಿ ಓದಿ.

ಸೊಸೈಟಿ ಒಪ್ಪಿಗೆ, ಅಗೆಯುವ ಮುಂಚೆ ನೆಲದಡಿಯ ಗ್ಯಾಸ್, ಕರೆಂಟ್ ಲೈನ್ ಗುರುತಿಸಿಕೊಡುವ 811ಕ್ಕೆ ಫೋನ್, ಎರಡೂ ಮರೀಬೇಡಿ.

ಇನ್ನು ನೀರು. ಸಂಜೆಯಾದರೆ ಪೈಪ್ ಹಿಡಿದು ಬುಡಕ್ಕೆ ನೀರು ಬಿಡುವುದು ನಮಗೆ ರಕ್ತದಲ್ಲೇ ಬಂದಿದೆ, ಅಲ್ವಾ? ಅದೇ ಇಲ್ಲಿ ಮರ ಕೆಡವುತ್ತದೆ. ದಿನಾ ಸ್ವಲ್ಪ ಸ್ವಲ್ಪ ಸಿಕ್ಕರೆ ಬೇರು ಮೇಲ್ಮಣ್ಣಲ್ಲೇ ಉಳಿಯುತ್ತದೆ, ಕೊಂಬೆ ಮಾತ್ರ ದೊಡ್ಡದಾಗುತ್ತದೆ. ಮಾನ್ಸೂನ್ ಗಾಳಿ ಬೀಸಿದರೆ ಬುಡಸಮೇತ ಮಲಗುತ್ತದೆ. ನನ್ನದೂ ಮಲಗಿತು, ಪಕ್ಕದ ಮನೆ ಗೋಡೆ ಮೇಲೆ. ಗೋಡೆ ಕಟ್ಟಿಸಿಕೊಟ್ಟ ಮೇಲೆ ಬುದ್ಧಿ ಬಂತು.

ಹೊಸ ಗಿಡಕ್ಕೆ ಮೊದಲ ಕೆಲವು ವಾರ ಎರಡು-ಮೂರು ದಿನಕ್ಕೊಮ್ಮೆ ನೀರು. ಬೇರು ಹಿಡಿದ ಮೇಲೆ ಬೇಸಿಗೆಯಲ್ಲಿ ವಾರ-ಹತ್ತು ದಿನಕ್ಕೊಮ್ಮೆ, ಡ್ರಿಪ್‌ನಲ್ಲಿ ಗಂಟೆಗಟ್ಟಲೆ, ಎರಡು ಅಡಿ ಇಳಿಯುವವರೆಗೆ. ಕಬ್ಬಿಣದ ಸರಳು ಚುಚ್ಚಿ ನೋಡಿ. ನೆಂದಷ್ಟು ಆಳ ಸಲೀಸಾಗಿ ಇಳಿದು, ಒಣಮಣ್ಣಿಗೆ ತಾಗಿ ನಿಲ್ಲುತ್ತದೆ. ಕೊಂಬೆ ಹರಡಿದಂತೆ ಡ್ರಿಪ್ಪನ್ನೂ ಬುಡದಿಂದ ಆಚೆ ಸರಿಸಿ. ಮೂರು ವರ್ಷದ ಮೇಲೆ ಬೇಸಿಗೆಯಲ್ಲೂ ತಿಂಗಳಿಗೆ ಒಂದೆರಡು ಸಲ ಸಾಕು.

ಗುಂಡಿಯಲ್ಲಿ ಸುಣ್ಣಗಟ್ಟಿದ ಕಲ್ಲಿನಂಥ ಪದರ ಸಿಗಬಹುದು. ನೀರು ತುಂಬಿಸಿ, ಮಾರನೇ ದಿನವೂ ಇಂಗದಿದ್ದರೆ ಜಾಗ ಬದಲಿಸಿ. ಮನೆಯ ಪಶ್ಚಿಮದ ಕಡೆ ನೆಡಿ, ಇಳಿಹೊತ್ತಿನ ಬಿಸಿಲೇ ಜಾಸ್ತಿ ಸುಡುವುದು.

ನೆಡುವ ಕಾಲ ಅಕ್ಟೋಬರ್, ದಸರಾ ಹೊತ್ತು. ಇಲ್ಲಿನ ನಮ್ಮವರ ಕೆಲವು ಮನೆಗಳಲ್ಲಿ ಮಕ್ಕಳು ಬನ್ನಿ ಬದಲು ಮೆಸ್ಕೀಟ್ ಎಲೆ ಹಂಚಿ 'ಬಂಗಾರದಂಗ ಇರೋಣ' ಅಂತಾರೆ. ಊರಲ್ಲಾದರೆ ಬನ್ನಿ ಕೊಡೋಕೆ ಬೀದಿ ಬೀದಿ ಸುತ್ತಿ, ವರ್ಷವಿಡೀ ಮಾತು ಬಿಟ್ಟವರ ಮನೆಗೂ ಹೋಗುತ್ತಿದ್ದೆವು. ಇಲ್ಲಿ ವಾಟ್ಸ್ಯಾಪ್ ಗುಂಪಿನ ನಾಲ್ಕು ಮನೆ, ಜಗಳಕ್ಕೂ ಜನ ಸಾಲದು. ಮಕ್ಕಳಿಗೆ ಅದು ಕೊರತೆ ಅನ್ನಿಸುವುದಿಲ್ಲ, ನಮಗೇ. ಅಂದ ಹಾಗೆ, ಎಳೆ ಕೊಂಬೆಯಲ್ಲಿ ಮುಳ್ಳು ಜಾಸ್ತಿ, ಎಲೆ ದೊಡ್ಡವರೇ ಕೀಳಿ.