ಮುಸುರೆ ಬಕೆಟ್‌ನಲ್ಲಿ ಏನಿತ್ತು?

ನಮ್ಮದು ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಏಳರವರೆಗೆ 86 ಮಕ್ಕಳು. ಮುಖ್ಯ ಶಿಕ್ಷಕನಾಗಿ ಹೋದ ಮೊದಲ ವಾರ ಬಿಸಿಯೂಟದ ರಿಜಿಸ್ಟರ್ ತೆಗೆದು ನೋಡಿದೆ. ಎಲ್ಲ ಸರಿಯಾಗಿತ್ತು. ಅಕ್ಕಿ ಇಷ್ಟು, ಬೇಳೆ ಇಷ್ಟು, ರುಚಿ ನೋಡಿದವರ ಸಹಿ, ದಿನಾ ‘ಉತ್ತಮ’. ಅವತ್ತು ಮಧ್ಯಾಹ್ನ ಕೈ ತೊಳೆಯಲು ಹೋದಾಗ ನಲ್ಲಿ ಪಕ್ಕ ಮುಸುರೆ ಬಕೆಟ್ ಕಂಡಿತು. ಎರಡು ಬಕೆಟ್, ಎರಡೂ ತುಂಬಿದ್ದವು. ಸಂಜೆ ಪಕ್ಕದ ಮನೆಯವರು ಬಂದು ಹಸುವಿಗೆ ಅಂತ ಹೊತ್ತುಕೊಂಡು ಹೋದರು.

ಮುಂದಿನ ಒಂದು ವಾರ ನಾನು ಬೇರೇನೂ ಮಾಡಲಿಲ್ಲ. ಊಟದ ಹೊತ್ತಿಗೆ ಆ ಬಕೆಟ್ ಹತ್ತಿರ ನಿಂತು, ಮಕ್ಕಳು ಏನು ಸುರಿಯುತ್ತಾರೆ ಅಂತ ನೋಡಿದೆ, ಅಷ್ಟೇ. ಸೋರೆಕಾಯಿ ಹೋಳು, ಸೀಮೆಬದನೆ ಹೋಳು. ಆರಿ ಗಟ್ಟಿಯಾದ ಅನ್ನ. ಚಿಕ್ಕ ಮಕ್ಕಳ ತಟ್ಟೆಯಿಂದ ಬರೀ ನೀರು ಸಾಂಬಾರು. ಅದರ ಜೊತೆ ತಟ್ಟೆಯ ಅಂಚಿಗೆ ಆರಿಸಿ ಇಟ್ಟ ಒಂದಿಷ್ಟು ಅಕ್ಕಿ ಕಾಳು. ಅದೇಕೆ ಅಂತ ಆಗ ಗೊತ್ತಾಗಲಿಲ್ಲ.

ನೀರು ಸಾಂಬಾರಿನ ಕಾರಣ ಮೂರನೇ ದಿನವೇ ಸಿಕ್ಕಿತು. ಒಂದನೇ ತರಗತಿಯವರು ಸಾಲಿನಲ್ಲಿ ಮೊದಲು. ಸೌಟನ್ನು ಮೇಲ್ಭಾಗದಲ್ಲಷ್ಟೇ ಅದ್ದಿ ಬಡಿಸುವಾಗ ಅವರಿಗೆ ತಿಳಿ ಬರುತ್ತಿತ್ತು, ತಳದ ಬೇಳೆ ತರಕಾರಿಯೆಲ್ಲ ಏಳನೇ ತರಗತಿಯವರಿಗೆ. ಬಡಿಸುವಾಗ ಇನ್ನೊಬ್ಬರು ತಳದಿಂದ ಕಲಕುತ್ತಾ ಇರಬೇಕು ಅಂತ ಮಾಡಿದೆವು. ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ.

ಆಮೇಲೆ ಲೆಕ್ಕ ಹಾಕಿದೆ. ಸರ್ಕಾರದ ಅಳತೆಯಂತೆ ಐದನೇ ತರಗತಿವರೆಗೆ ಒಂದು ಮಗುವಿಗೆ ದಿನಕ್ಕೆ 100 ಗ್ರಾಂ ಅಕ್ಕಿ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ. ಆರು, ಏಳಕ್ಕೆ 150 ಗ್ರಾಂ ಅಕ್ಕಿ, 30 ಗ್ರಾಂ ಬೇಳೆ, 75 ಗ್ರಾಂ ತರಕಾರಿ. ನಮ್ಮಲ್ಲಿ 52 ಚಿಕ್ಕವರು, 34 ದೊಡ್ಡವರು. ಬೇಳೆ ಎರಡು ಕೆಜಿ ಬೇಕು, ತರಕಾರಿ ಐದು ಕೆಜಿ ದಾಟಬೇಕು. ತರಕಾರಿ ಬರುತ್ತಿದ್ದದ್ದು ಮೂರು ಕೆಜಿ ಅಷ್ಟೇ. ದುಡ್ಡು ಒಂದು ಕಾರಣ. ಹೆಚ್ಚುವವರು ಇಲ್ಲದಿರುವುದು ಇನ್ನೊಂದು. ಇಬ್ಬರೇ ಅಡುಗೆಯವರು, ಇರೋದು ಒಂದೇ ಈಳಿಗೆ ಮಣೆ.

ಇಲ್ಲಿ ನಾನೊಂದು ತಪ್ಪು ಮಾಡಿದೆ. ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಎಲ್ಲರ ಮುಂದೆ ಬಕೆಟ್ ಕಥೆ ಹೇಳಿಬಿಟ್ಟೆ. ನಮ್ಮ ಅಡುಗೆ ಅಕ್ಕ ಎದ್ದು ನಿಂತು, “ಮೇಷ್ಟ್ರೇ, ಬೆಳಗ್ಗೆಯಿಂದ ಒಲೆ ಮುಂದೆ ನಿಂತವಳು ನಾನು. ನನ್ ಅಡುಗೆ ಮೇಲೆ ಕಂಪ್ಲೇಂಟಾ?” ಅಂದರು. ಅವರಿಗೆ ಸಿಗುವ ಗೌರವಧನ ನೋಡಿದರೆ ಆ ಮಾತು ಕೇಳುವ ಯೋಗ್ಯತೆಯೂ ನನಗಿರಲಿಲ್ಲ. ಮಾರನೇ ದಿನ ಅಡುಗೆ ಕೋಣೆಗೆ ಹೋಗಿ ತಪ್ಪಾಯ್ತು ಅಂದೆ. ಏನು ಬೇಕು ಅಂತ ಕೇಳಿದೆ. ಅವರು ಕೇಳಿದ್ದು ಎರಡೇ: ಇನ್ನೊಂದು ಮಣೆ, ದೊಡ್ಡ ಕುಕ್ಕರ್. ಮಾತಾಡುತ್ತಾ ಅನ್ನ ಯಾಕೆ ಗಟ್ಟಿಯಾಗುತ್ತೆ ಅಂತಲೂ ತಿಳಿಯಿತು. ಬೆಲ್ ಒಂದೂಕಾಲಿಗೆ. ತಡವಾದರೆ ಬೈತಾರೆ ಅನ್ನೋ ಹೆದರಿಕೆಗೆ ಹನ್ನೊಂದೂವರೆಗೇ ಅನ್ನ ಇಳಿಸುತ್ತಿದ್ದರು. ಈಗ ಸಾಂಬಾರು ಮೊದಲು, ಅನ್ನ ಕೊನೆಗೆ.

ತಾಯಂದಿರು ಸರದಿ ಮೇಲೆ ಬಂದು ತರಕಾರಿ ಹೆಚ್ಚಿಕೊಡಲಿ ಅಂತ ಪಟ್ಟಿ ಮಾಡಿದೆವು. ಎರಡನೇ ವಾರಕ್ಕೆ ಅದು ಬಿದ್ದುಹೋಯಿತು. ಕೂಲಿ ಬಿಟ್ಟು ಯಾರು ಬರ್ತಾರೆ? ಕೇಳಿದ್ದೇ ತಪ್ಪು. ಕೊನೆಗೆ ಪಟ್ಟಿಯನ್ನೇ ತಿರುವುಮುರುವು ಮಾಡಿದೆವು. ಕೆಲಸ ಬೇಡ, ದಿನಕ್ಕೆ ಒಬ್ಬ ಪೋಷಕರು ಬಂದು ಮಕ್ಕಳ ಸಾಲಿನಲ್ಲೇ ಕೂತು ಊಟ ಮಾಡಿ ಹೋಗಿ, ಅಂದೆವು. ಅಪ್ಪನೋ, ಅಮ್ಮನೋ, ಅಜ್ಜಿಯೋ. ಇದು ನಡೆಯಿತು.

ಬಂದವರು ಸುಮ್ನೆ ಉಂಡು ಹೋಗಲಿಲ್ಲ. ಒಬ್ಬ ಅಮ್ಮ ಅಡುಗೆ ಕೋಣೆಗೇ ಹೋಗಿ, “ಅಕ್ಕ, ಸೋರೆಕಾಯಿ ಹೋಳು ಹಾಕ್ಬೇಡಿ. ಬೇಳೆ ಜೊತೆನೇ ಬೇಯ್ಸಿ ಮಸೆದುಬಿಡಿ” ಅಂದರು. ಅವತ್ತಿಂದ ಸೋರೆಕಾಯಿ ಬಕೆಟ್‌ಗೆ ಬಿದ್ದಿಲ್ಲ. ಒಬ್ಬ ಅಪ್ಪ, 2003ರಲ್ಲಿ ನಮ್ಮ ಕಡೆ ಅಕ್ಷರ ದಾಸೋಹ, ಅಂದರೆ ಈ ಬಿಸಿಯೂಟ, ಶುರುವಾದಾಗ ಇದೇ ಶಾಲೆಯಲ್ಲಿ ನಾಲ್ಕನೇ ತರಗತಿಯಲ್ಲಿದ್ದವರು, ಎರಡು ಸಲ ಸಾಂಬಾರು ಹಾಕಿಸಿಕೊಂಡು, “ಕಾಯಿನೇ ಹಾಕಲ್ವಾ?” ಅಂದರು. ತಿಪಟೂರು ಸೀಮೆ, ಸುತ್ತ ತೆಂಗಿನ ತೋಟ, ನಮ್ಮ ಸಾಂಬಾರಿಗೆ ಕಾಯಿ ಇಲ್ಲ! ಹಳ್ಳಿಯಲ್ಲಿ ಕಾಸು ಕೇಳಿದರೆ ಮುಖ ತಿರುಗಿಸುತ್ತಾರೆ, ಕಾಯಿ ಕೇಳಿದರೆ ಯಾರೂ ಇಲ್ಲ ಅನ್ನಲ್ಲ. ಈಗ ಶಾಲೆ ಮೂಲೆಯಲ್ಲಿ ಒಂದು ಚೀಲ ಯಾವಾಗಲೂ ಇರುತ್ತದೆ. ನುಗ್ಗೆ ಸೊಪ್ಪು, ಕರಿಬೇವು ಕೂಡ ಹಾಗೇ ಬರುತ್ತವೆ. ಉಳಿದ ದುಡ್ಡು ತರಕಾರಿಗೆ.

ಕೆಲವು ಮನೆಯವರು ಮಕ್ಕಳಿಗೆ ಡಬ್ಬಿ ಕಟ್ಟಿ ಕಳಿಸುತ್ತಿದ್ದರು. ಯಾರು ಅಡುಗೆ ಮಾಡ್ತಾರೆ ಅನ್ನೋದೇ ಕಾರಣ. ಎಲ್ಲರಿಗೂ ಗೊತ್ತು, ಯಾರೂ ಬಾಯಿ ಬಿಡಲ್ಲ. ಅವರ ಹೆಸರನ್ನೂ ಪಟ್ಟಿಯಲ್ಲಿ ಬರೆದೆ. ಮೂರು ಮನೆಯಲ್ಲಿ ಇಬ್ಬರು ಬಂದು ಕೂತು ಉಂಡರು. ಒಬ್ಬರು ಇವತ್ತಿಗೂ ಬಂದಿಲ್ಲ.

ಇನ್ನು ಆ ಅಕ್ಕಿ ಕಾಳಿನ ವಿಷಯ. ಒಬ್ಬ ಅಜ್ಜಿ ಬಂದಾಗ ತಟ್ಟೆ ನೋಡಿ, “ಇದು ಪ್ಲಾಸ್ಟಿಕ್ ಅಕ್ಕಿ, ಆರಿಸಿ ಬಿಸಾಡು ಅಂತ ನಾನೇ ಹೇಳಿದ್ದು” ಅಂದರು. ಅಡುಗೆ ಅಕ್ಕನೂ ಮೊರದಲ್ಲಿ ಆದಷ್ಟು ಆರಿಸಿಯೇ ಹಾಕುತ್ತಿದ್ದರಂತೆ. ಅದು ಸಾರವರ್ಧಿತ ಅಕ್ಕಿ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಮ್ಲ, ಬಿ12 ಸೇರಿಸಿ ಕಾಳಿನ ಆಕಾರಕ್ಕೆ ತಂದು, ನೂರು ಕಾಳಿಗೆ ಒಂದರಂತೆ ಬೆರೆಸಿರುತ್ತಾರೆ. ರಕ್ತ ಕಮ್ಮಿ ಇರುವ ಮಕ್ಕಳಿಗೆ ಬೇಕಾದ್ದನ್ನೇ ನಾವು ಆರಿಸಿ ಎಸೆಯುತ್ತಿದ್ದೆವು. ಭಾಷಣ ಮಾಡಲಿಲ್ಲ. ಆ ಕಾಳುಗಳನ್ನಷ್ಟೇ ಬೇಯಿಸಿ ಅಜ್ಜಿ ಕೈಗೆ ಕೊಟ್ಟೆ. ಹಿಸುಕಿದರು, ಹಿಟ್ಟಾಯಿತು. “ಪ್ಲಾಸ್ಟಿಕ್ ಹಿಂಗಾಗಲ್ಲ ಬಿಡು” ಅಂದರು. ಊರಿಗೆಲ್ಲ ಸುದ್ದಿ ಮುಟ್ಟಿಸಿದ್ದೂ ಅವರೇ.

ಮೊಟ್ಟೆ, ಬಾಳೆಹಣ್ಣಿನ ತೊಂದರೆ ನಮಗೆ ಬರಲೇ ಇಲ್ಲ. ಅದು ಬಕೆಟ್‌ಗೆ ಬೀಳುವ ವಸ್ತುವಲ್ಲ. ಕೆಲವರು ಮೊಟ್ಟೆಯನ್ನು ಜೇಬಿಗೆ ಹಾಕಿಕೊಳ್ಳುತ್ತಾರೆ, ಮನೆಯಲ್ಲಿರುವ ತಮ್ಮನಿಗೋ ತಂಗಿಗೋ. ಅಲ್ಲೇ ತಿನ್ನಿಸಬೇಕು, ಗೊತ್ತು. ಎಲ್ಲ ಸಲ ಹೇಳಲು ಬಾಯಿ ಬರಲ್ಲ.

ಈಗ ಒಂದು ಬಕೆಟ್ ಅರ್ಧ ತುಂಬುತ್ತದೆ. ಶನಿವಾರ ಮಾತ್ರ ಇನ್ನೂ ಪೂರ್ತಿ. ಅವತ್ತು ಬೆಳಗಿನ ಶಾಲೆ, ಉಪ್ಪಿಟ್ಟು ಮಾಡುತ್ತೇವೆ, ಬೇಗ ಒಣಗಿಹೋಗುತ್ತದೆ. ಹೋದ ವಾರ ಬಂದಿದ್ದ ಒಬ್ಬ ಅಮ್ಮ ನೀರು ಇನ್ನೊಂದು ಲೋಟ ಜಾಸ್ತಿ ಇಟ್ಟು, ಅವರೆಕಾಳು ಹಾಕಿ ನೋಡಿ ಅಂದಿದ್ದಾರೆ. ಕಾಳು ಸುಲಿದು ಅವರೇ ತರ್ತಾರಂತೆ.